ಪಾರ್ಸಿಪನಿಯ ಕೆಸರು ಕಲ್ಲಾದದ್ದು

ನ್ಯೂಜೆರ್ಸಿಯ ಪಾರ್ಸಿಪನಿ ಹತ್ತಿರ ಒಂದು ಕಾರ್ಖಾನೆಯ ಕೊಳಚೆ ಹೊಂಡ ಖಾಲಿ ಮಾಡೋ ಕೆಲಸ ನಮ್ಮದು. ಕೆಸರನ್ನು ಪಂಪಿನಲ್ಲಿ ಎಳೆದು, ಔಷಧಿ ಬೆರೆಸಿ, ಪ್ರೆಸ್ಸಿನಲ್ಲಿ ಹಿಂಡಿ ಗಟ್ಟಿ ಮಾಡಬೇಕು. ಅವತ್ತು ಬರೀ ಅಂಬಲಿ ಬಂತು. ಹನಿ ನೀರು ಸೋರಿದರೂ ಕಸ ಹೂಳೋ ಲ್ಯಾಂಡ್‌ಫಿಲ್‌ನವರು ತಗೊಳ್ಳೋದಿಲ್ಲ. ಎರಡು ಲೋಡ್ ಆಗಲೇ ವಾಪಸ್ ಬಂದಿತ್ತು. ಮೂರನೆಯದೂ ಬಂದರೆ ಕಾಂಟ್ರಾಕ್ಟೇ ಹೋಗುತ್ತಿತ್ತು.

ನಮ್ಮ ಇಂಜಿನಿಯರ್, ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ, ಔಷಧಿ ಬೆರೆಸೋ ಮಿಕ್ಸರನ್ನು ಇನ್ನೂ ಜೋರು ಮಾಡಿದಳು.

"ನಿಧಾನ ಮಾಡಮ್ಮ. ಹಾಲು ಒಡೆಯುವಾಗ ಯಾರಾದರೂ ಕಡೀತಾರಾ? ಗಂಟು ಕಟ್ಟೋಕೆ ಬಿಡು," ಅಂದೆ.

"ಅಂಕಲ್, ದಿಸ್ ಈಸ್ ನಾಟ್ ಪನೀರ್!"

"ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೂ ನ್ಯೂಜೆರ್ಸಿಯ ಅರ್ಧ ಕೆಸರು ನನ್ನ ಮಾತು ಕೇಳುತ್ತೆ. ಒಂದು ಸಲ ನೋಡು."

ಮುಖ ಊದಿಸಿಕೊಂಡೇ ವೇಗ ಇಳಿಸಿದಳು. ಕೆಸರು ಗಂಟುಗಂಟಾಗಿ ಕೂಡಿಕೊಂಡಿತು, ತಿಳಿನೀರು ಬೇರೆಯಾಗಿ ಹರಿಯಿತು, ಪ್ರೆಸ್ಸಿನಿಂದ ಹಲಗೆ ಹಲಗೆಯಾಗಿ ಬಿತ್ತು. "ಓ ಮೈ ಗಾಡ್, ಅಂಕಲ್!" ಅಂತ ಕುಣಿದೇ ಬಿಟ್ಟಳು. ಮೂರನೇ ಲೋಡ್ ಒಂದು ಹನಿಯೂ ಸೋರದೆ ಪಾಸಾಯಿತು.

ತುಂಬುವಾಗ ಒಂದು ಹೆಂಟೆ ಜಾರಿ ಬಿದ್ದ ಏಟಿಗೆ ಲಾರಿ ಟೈರೇ ಪಂಚರ್ ಆಗಿತ್ತು. ಟೈರಲ್ಲಿ ಮೊಳೆ ಸಿಕ್ಕಿತು ಅಂತಾನೆ ಡ್ರೈವರ್. ಅವನಿಗೆ ಹೊಟ್ಟೆಕಿಚ್ಚು, ಬಿಡಿ.