ಎದೆಕವಚದ ನೆಗ್ಗು

2009ರ ಚಳಿಗಾಲದಲ್ಲಿ ನಾನು ಡೆಟ್ರಾಯಿಟ್‌ನ ಉತ್ತರಕ್ಕೆ, ರಾಚೆಸ್ಟರ್ ಹಿಲ್ಸ್ ಹತ್ತಿರ, ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಅಂದರೆ ಮಾಲೀಕ ಫ್ರ್ಯಾಂಕ್, ನಾನು, ಒಂದು ವ್ಯಾನು. ವ್ಯಾನಿನಲ್ಲಿ ಹಳೇ ಯುರೋಪಿನ ಯುದ್ಧದ ಸಾಮಾನುಗಳ ನಕಲು: ಕಬ್ಬಿಣದ ಟೋಪಿ, ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಅಂಗಿ, ಎದೆಕವಚ. ಎಲ್ಲವನ್ನೂ ಫ್ರ್ಯಾಂಕೇ ತನ್ನ ಶೆಡ್ಡಿನಲ್ಲಿ ಬಡಿದು ಮಾಡಿದ್ದ. ಶಾಲೆಗಳಿಗೆ ಹೋಗಿ ಅವನ್ನು ತೋರಿಸಿ, ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ಕೆಲಸ. ನಾನು ಹೈಸ್ಕೂಲು ಅರ್ಧಕ್ಕೆ ಬಿಟ್ಟವನು. ಅದರಿಂದ ಏನೂ ತೊಂದರೆಯಾಗಲಿಲ್ಲ. ಎಲ್ಲ ಶಾಲೆಯಲ್ಲೂ ಕೇಳುವುದು ಅವೇ ಪ್ರಶ್ನೆ.

ಕವಚ ಹಾಕಿದವನನ್ನು ಕುದುರೆ ಹತ್ತಿಸಲು ಕ್ರೇನ್ ಬೇಕಿತ್ತಾ? ಬೇಕಿರಲಿಲ್ಲ. ಯುದ್ಧದ ಕವಚ ಐವತ್ತು ಪೌಂಡಿನ ಆಸುಪಾಸು, ಭಾರ ಮೈಯೆಲ್ಲ ಹಂಚಿಹೋಗುತ್ತದೆ, ಅಳತೆಗೆ ಮಾಡಿದ್ದರೆ ಓಡಲೂಬಹುದು. ಆ ಜನ ಸ್ನಾನ ಮಾಡುತ್ತಿರಲಿಲ್ಲವಾ? ಮಾಡುತ್ತಿದ್ದರು, ಊರುಗಳಲ್ಲಿ ಸ್ನಾನದ ಮನೆಗಳಿದ್ದವು. ಭೂಮಿ ಚಪ್ಪಟೆ ಅಂತ ನಂಬಿದ್ದರಾ? ಓದಿದವರಿಗೆ ದುಂಡಗಿದೆ ಅಂತ ಗೊತ್ತಿತ್ತು. ಕೊನೆಗೆ ಯಾವುದಾದರೂ ಮಗು ಎದೆಕವಚದ ನಡುವಿನ ನೆಗ್ಗಿಗೆ ಬೆರಳಿಟ್ಟು ಕೇಳಿಯೇ ಕೇಳುತ್ತದೆ: ಇದನ್ನು ಹಾಕಿಕೊಂಡವನು ಸತ್ತನಾ?

ಇಲ್ಲ. ಬಂದೂಕು ಬಂದ ಮೇಲೆ ಗಿರಾಕಿಗಳಿಗೆ ಕವಚದ ಮೇಲೆ ನಂಬಿಕೆ ಹೋಯಿತು. ಅದಕ್ಕೇ ಮಾಡಿದವನು ಮಾರುವ ಮೊದಲು ತಾನೇ ಅದಕ್ಕೆ ಒಂದು ಗುಂಡು ಹೊಡೆಯುತ್ತಿದ್ದ. ತೂತಾಗದೆ ನೆಗ್ಗಿದರೆ ಪಾಸು. ಆ ನೆಗ್ಗನ್ನು ತಟ್ಟಿ ಸರಿಮಾಡುತ್ತಿರಲಿಲ್ಲ. ಅದೇ ಗ್ಯಾರಂಟಿ. ನಮ್ಮ ಕವಚಕ್ಕೂ ಫ್ರ್ಯಾಂಕ್ ತಮ್ಮನ ಹೊಲದಲ್ಲಿ ಹಾಗೇ ಗುಂಡು ಹೊಡೆದಿದ್ದ.

ಪ್ರಸನ್ನ ಅಂಕಲ್ ನನಗೆ ಅಲ್ಲಿನ ದೇವಸ್ಥಾನದಿಂದ ಪರಿಚಯ. ನನ್ನ ಅಪ್ಪ ಅಲ್ಲಿ ಅಡುಗೆಯವರು. ಅಂಕಲ್ ಮೈಸೂರಿನವರು, ಕಾರಿನ ಸೀಟು ಮಾಡುವ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್. ಸೀಟಿನ ಮೇಲೆ ಮನುಷ್ಯನಷ್ಟೇ ತೂಕದ ಬೊಂಬೆ ಕೂರಿಸಿ, ಜೋರಾಗಿ ಗುದ್ದಿಸಿ, ಸೀಟು ಎಲ್ಲಿ ಬಾಗಿತು ಅಂತ ನೋಡುವುದು ಅವರ ಕೆಲಸ. ಕಾರು ಕೊಳ್ಳುವವರೇ ಇಲ್ಲದ ಆ ವರ್ಷ ಅವರ ಇಡೀ ಟೀಮನ್ನು ತೆಗೆದರು. ಎಂಟು ತಿಂಗಳು ಕಂಡಕಂಡಲ್ಲಿ ಅಪ್ಲೈ ಮಾಡಿದರು. ಕೊನೆಗೆ ದೂರದ ಓಕ್ ಬ್ರೂಕ್ ಅನ್ನುವ ಊರಿನ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಅದು ಸಿಗದಿದ್ದರೆ ಮನೆ ಬ್ಯಾಂಕಿಗೆ. ಇದು ದೇವಸ್ಥಾನದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ಅದೇ ದಿನ ನನಗೆ ಓಕ್ ಬ್ರೂಕ್ ಪಕ್ಕದ ನೇಪರ್‌ವಿಲ್‌ನ ಒಂದು ಶಾಲೆಯಲ್ಲಿ ಕೆಲಸವಿತ್ತು. ಶಾಲೆಗಳು ಒಂದೊಂದೇ ಬೇಡ ಅನ್ನುತ್ತಿದ್ದ ಕಾಲ, ಅಷ್ಟು ದೂರವಾದರೂ ಫ್ರ್ಯಾಂಕ್ ಒಪ್ಪಿಕೊಂಡಿದ್ದ. ಅಂಕಲ್ ಒಂದು ಕಾರು ಮಾರಿದ್ದರು, ಇನ್ನೊಂದು ಅವರ ಹೆಂಡತಿ ಶೈಲಾ ಆಂಟಿಗೆ ಆ ದಿನ ಬೇಕಿತ್ತು. ನನ್ನ ವ್ಯಾನಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅಂದೆ.

ಬೆಳಕು ಹರಿಯುವ ಮೊದಲೇ ಅವರ ಮನೆ ಮುಂದೆ ನಿಂತೆ. ಆಂಟಿ ಡಬ್ಬ ಹಿಡಿದು ಬಂದರು.

"ಪುಳಿಯೋಗರೆ ಇದೆ ಮಂಜು. ಅವರು ತಿನ್ನೋವಾಗ ನಿನ್ನ ಕಬ್ಬಿಣದ ಅಂಗಿ ಹಾಕ್ಸು. ಟೈ ಮೇಲೆ ಚೆಲ್ಕೊಳ್ದೆ ಇರೋ ಮನುಷ್ಯ ಅಲ್ಲ."

"ಹೋಗೋವಾಗ್ಲೂ ಅವಮಾನ," ಅಂದರು ಅಂಕಲ್.

"ಏನೂ ಯೋಚನೆ ಮಾಡ್ಬೇಡಿ. 2001ರಲ್ಲೂ ಕೆಲಸ ಹೋಗಿತ್ತು. ಆವಾಗ ಎದ್ರಿ, ಈಗ್ಲೂ ಏಳ್ತೀರಿ."

ಐದು ಗಂಟೆಯ ದಾರಿ. ಇಂಟರ್‌ವ್ಯೂ ಮಧ್ಯಾಹ್ನ ಇತ್ತು, ಹಾಗಾಗಿ ಅಂಕಲ್ ಶಾಲೆಗೂ ಬಂದು ನನ್ನ ಜೊತೆ ಪೆಟ್ಟಿಗೆ ಹೊತ್ತರು. ಐದನೇ ಕ್ಲಾಸಿನ ಮಕ್ಕಳು. ನೆಗ್ಗಿನ ಪ್ರಶ್ನೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಕವಚ ಎತ್ತಿಕೊಂಡು ನಿಂತರು. ನನ್ನ ಕೆಲಸವೂ ಇದೇ, ಗುಂಡಿನ ಬದಲು ಕಾರು, ಅಂತ ಶುರುಮಾಡಿ ಬೊಂಬೆ ತಲೆ ಹೇಗೆ ತೂಗಾಡುತ್ತದೆ ಅಂತ ಮಾಡಿ ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ವರ್ಷ ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಅದೇ ಜಾಗಕ್ಕೆ ಎರಡನೇ ಗುಂಡು ಬಿದ್ದರೆ?

ಅಷ್ಟು ಶಾಲೆ ತಿರುಗಿದ್ದರೂ ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅಂಕಲ್ ಕವಚವನ್ನು ಮೇಜಿನ ಮೇಲಿಟ್ಟರು. ಗೊತ್ತಿಲ್ಲ ಅಂದರು. ಒಮ್ಮೆ ಬಾಗಿದ ಲೋಹದಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಹೊರಗಿನಿಂದ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಟೆಸ್ಟ್ ಆದ ಸೀಟನ್ನು ಯಾರಿಗೂ ಮಾರುವುದಿಲ್ಲ, ಗುಜರಿಗೆ ಹಾಕುತ್ತೇವೆ ಅಂದರು.

ಓಕ್ ಬ್ರೂಕ್‌ನಲ್ಲಿ ಅವರನ್ನು ಇಳಿಸಿ ನಾನು ಪಾರ್ಕಿಂಗ್‌ನಲ್ಲೇ ಕಾದೆ. ಹೊರಗೆ ಬಂದವರು ಸೀಟ್ ಬೆಲ್ಟ್ ಹಾಕಿಕೊಂಡರು. ನಾನು ವ್ಯಾನು ಹೊರಡಿಸಿದೆ. ಇಂಡಿಯಾನಾ ದಾಟುವಾಗ ಅವರೇ ಬಾಯಿಬಿಟ್ಟರು.

"ಡೇವ್ ಬಂದಿದ್ದ ಕಣೋ."

"ಯಾವ ಡೇವ್ ಅಂಕಲ್?"

"ಸಾಮಾನು ತುಂಬ್ಕೊ ಅಂತ ನನ್ನ ಕೈಗೆ ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳ್ಸಿದ್ನಲ್ಲ, ನಮ್ಮ ಮ್ಯಾನೇಜರ್. ಆಮೇಲೆ ಅವನನ್ನೂ ತೆಗೆದ್ರಂತೆ. ನಾನು ಅಪ್ಲೈ ಮಾಡಿದ ಕೆಲಸಕ್ಕೇ ಅವನೂ ಮಾಡಿದಾನೆ. ಪಕ್ಕದ ಕುರ್ಚೀಲಿ ಕೂತಿದ್ದ."

"ಉಗೀಲಿಲ್ವಾ?"

"ಎಂಟು ತಿಂಗಳಿಂದ ಅದೇ ಪ್ರಾಕ್ಟೀಸ್ ಮಾಡ್ತಿದ್ದೆ. ಅವನೇ ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟ. ಥ್ಯಾಂಕ್ಸ್ ಅಂದು ಕುಡಿದೆ."

"ನಿಮಗೇ ಸಿಗುತ್ತೆ ಬಿಡಿ. ಆಂಟಿ ಹೇಳಿದ್ರಲ್ಲ, ಆವಾಗ್ಲೂ ಎದ್ರಿ."

"ಆ ಹುಡುಗಿ ಕೇಳಿದ್ಳಲ್ಲೋ. ಅದೇ ಜಾಗ ಮಂಜು. ಅದೇ ಜಾಗಕ್ಕೆ ಬಿದ್ದಿದೆ."

ಪುಳಿಯೋಗರೆ ಡಬ್ಬ ಮುಚ್ಚಳ ತೆಗೆಯದೆ ಹಾಗೇ ಇತ್ತು. ಹೊರಗೆ ಹಿಮ ಬೀಳುತ್ತಿತ್ತು. ನಾನು ಡ್ರೈವ್ ಮಾಡಿದೆ.

ಕೆಲಸ ಅವರಿಗೂ ಸಿಗಲಿಲ್ಲ, ಡೇವ್‌ಗೂ ಸಿಗಲಿಲ್ಲ. ಆ ಹುದ್ದೆಯನ್ನೇ ರದ್ದು ಮಾಡಿದ್ದೇವೆ ಅಂತ ಎರಡು ಸಾಲಿನ ಈಮೇಲ್ ಬಂತು.

ಹಿಮ ಕರಗುವ ಹೊತ್ತಿಗೆ ಅವರು ಮನೆ ಬಿಟ್ಟರು. ಆಂಟಿ ನೇಪರ್‌ವಿಲ್‌ನ ತಂಗಿಯ ಮನೆಗೆ. ಅಂಕಲ್ ಡೆಟ್ರಾಯಿಟ್‌ನಲ್ಲೇ ಒಂದು ರೂಮಿಗೆ, ಇಲ್ಲೇ ಏನಾದರೂ ಸಿಗಬಹುದು ಅಂತ. ಟ್ರಕ್ಕಿಗೆ ಸಾಮಾನು ಹೊರಲು ನಾನು ಹೋಗಿದ್ದೆ. ಗ್ಯಾರೇಜಿನ ಮೂಲೆಯಲ್ಲಿ ಒಂದು ಸೀಟಿನ ಕಬ್ಬಿಣದ ಚೌಕಟ್ಟಿತ್ತು, ಬೆನ್ನು ಹಿಂದಕ್ಕೆ ಬಾಗಿತ್ತು. ಅವರು ಮಾಡಿದ ಮೊದಲ ಟೆಸ್ಟಿನದು. ಬೀರುವಿನ ಮೇಲೆ ಮಗುವಿನ ಫೋಟೋ ಇಟ್ಟುಕೊಳ್ಳುವ ಹಾಗೆ ಅಷ್ಟು ವರ್ಷ ಇಟ್ಟುಕೊಂಡಿದ್ದರು.

"ಇದು ಯಾವ ಕಡೆ ಅಂಕಲ್? ಟ್ರಕ್ಕಿಗಾ, ನಿಮ್ಮ ರೂಮಿಗಾ?"

ಅವರು ಅದರ ಬಾಗಿದ ಬೆನ್ನನ್ನು ಒಮ್ಮೆ ಸವರಿದರು.

"ಎರಡೂ ಬೇಡ. ಟೆಸ್ಟ್ ಆಗಿದೆ."

ತಾವೇ ಹೊತ್ತುಕೊಂಡು ಹೋಗಿ ರಸ್ತೆ ಬದಿಯ ಕಸದ ರಾಶಿಗೆ ಹಾಕಿದರು. ಆಂಟಿ ಟ್ರಕ್ಕಿನ ಪಕ್ಕ ನಿಂತು ನೋಡುತ್ತಿದ್ದರು. ಆವಾಗ್ಲೂ ಎದ್ರಿ ಅಂತ ಆ ದಿನ ಅವರು ಹೇಳಲಿಲ್ಲ.

ಆ ಕೆಲಸವನ್ನು ನಾನು ಇನ್ನೂ ಒಂದಷ್ಟು ದಿನ ಮಾಡಿದೆ. ಮಕ್ಕಳು ನೆಗ್ಗಿಗೆ ಬೆರಳಿಟ್ಟು ಕೇಳುತ್ತಲೇ ಇದ್ದರು. ಅದು ಗ್ಯಾರಂಟಿ ಅನ್ನುವುದನ್ನು ನಿಲ್ಲಿಸಿದೆ. ಮೊದಲನೇ ಗುಂಡು ಒಳಗೆ ಹೋಗಲಿಲ್ಲ, ಈ ನೆಗ್ಗಿಗೆ ಗೊತ್ತಿರುವುದು ಅಷ್ಟೇ, ಅನ್ನುತ್ತಿದ್ದೆ. ಪೆಟ್ಟು ತಿಂದು ನಿಂತವರನ್ನು ನೋಡಿ, ಇವರು ಗಟ್ಟಿ, ಇನ್ನೊಂದನ್ನೂ ತಡೆಯುತ್ತಾರೆ ಅಂತ ಜನ ಹೇಳಿದರೆ ನಾನು ಹೌದು ಅಂತ ತಲೆ ಆಡಿಸುವುದಿಲ್ಲ.