ಲಂಗರಣ್ಣನ ಲೈಫ್ ಜಾಕೆಟ್

ಅಂಗಡಿಯಾಕೆ ಮೇಜಿನ ಮೇಲೆ ಎರಡು ಲೈಫ್ ಜಾಕೆಟ್ ತಂದಿಟ್ಟಳು. ನೋಡಲು ಎರಡೂ ಒಂದೇ. ಕುತ್ತಿಗೆಯನ್ನು ಬಳಸಿ ಎದೆಯ ಮೇಲೆ ಇಳಿಯುವ ಅಂಗೈಯಗಲದ ಪಟ್ಟಿ, ಸೊಂಟಕ್ಕೊಂದು ಬೆಲ್ಟು. ಪಟ್ಟಿಯೊಳಗೆ ಮಡಚಿಟ್ಟ ಚೀಲ, ಬೆರಳುದ್ದದ ಗ್ಯಾಸ್ ಸಿಲಿಂಡರು. ಸಿಲಿಂಡರು ಒಡೆದರೆ ಚೀಲ ಉಬ್ಬಿ ಮನುಷ್ಯನನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತದೆ. ಅದನ್ನು ಒಡೆಯುವವರು ಯಾರು ಎನ್ನುವುದಷ್ಟೇ ವ್ಯತ್ಯಾಸ.

"ಇದು ಎಳೆಯೋದು. ಬಿದ್ದ ತಕ್ಷಣ ಈ ಕೆಂಪು ಹಿಡೀನ ನೀವೇ ಜಗ್ಗಬೇಕು," ಎಂದಳು ಅಂಗಡಿಯಾಕೆ. "ಅದು ತಾನೇ ಉಬ್ಬೋದು. ನೀರಲ್ಲಿ ಮುಳುಗಿದ್ರೆ ಸಾಕು, ನೀವೇನೂ ಮಾಡ್ಬೇಕಾಗಿಲ್ಲ. ಈಗ ಹೇಳಿ ಅಣ್ಣಾ, ಬೀಳೋ ಹೊತ್ತಿಗೆ ನಿಮಗೆ ಎಚ್ಚರ ಇರುತ್ತೆ ಅಂತ ಧೈರ್ಯ ಇದೆಯಾ?"

ಮಾತು ಲಂಗರಣ್ಣನಿಗೆ ನೇರ ತಗುಲಿತು. ಬಂದವರಿಗೆಲ್ಲ ಆಕೆ ಕೇಳುವ ಪ್ರಶ್ನೆ ಅದು, ಪಾಪ, ಆಕೆಗೇನು ಗೊತ್ತು. ಆದರೆ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಜಾಕೆಟ್ಟಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದವಳ ಕೈ ಆ ಪ್ರಶ್ನೆಗೆ ನಿಂತುಬಿಟ್ಟಿತು.

"ಎಚ್ಚರ ತಪ್ಪೋಕೆ ನನಗೇನು ಬಂದಿದೆ ರೋಗ?" ಎಂದು ಲಂಗರಣ್ಣ ನಕ್ಕ. ನಗು ತಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಗಾಳದ ದಾರ ಎಳೆದೂ ಎಳೆದೂ ಬೆಳೆದ ಕೈ ಇದು. ಕೊಡಮ್ಮ, ಎಳೆಯೋದನ್ನೇ ಕೊಡು."

ನಿಜ ಹೇಳಬೇಕೆಂದರೆ ರೋಗ ಬಂದಿತ್ತು. ಅದಕ್ಕೇನು ಹೆಸರೋ ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ದೋಣಿಯಲ್ಲಿ ಅವನಿಗೆ ಎಚ್ಚರ ತಪ್ಪಿತ್ತು. ಮೊದಲು ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಆಮೇಲೆ ಕಣ್ಣಂಚು ಬೂದಿಯ ಬಣ್ಣಕ್ಕೆ ತಿರುಗುವುದು, ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟರೆ ಕೆನ್ನೆ ಹಲಗೆಯ ಮೇಲೆ, ಫ್ಲಾಸ್ಕಿನ ಚಹಾ ದೋಣಿಯ ತಳದಲ್ಲಿ, ಸುರುಳಿಯ ದಾರವೆಲ್ಲ ಬಿಚ್ಚಿ ಸಮುದ್ರದಲ್ಲಿ. ಇದನ್ನು ಅವನು ಯಾರ ಮುಂದೆಯೂ ತುಟಿ ಬಿಚ್ಚಿ ಹೇಳಿರಲಿಲ್ಲ. ಹೇಳಿದರೆ ಮಾರನೆಯ ದಿನವೇ ದೋಣಿ ದಡ ಸೇರುತ್ತದೆ, ತಾನು ಬಾಗಿಲ ಬಳಿಯ ಕುರ್ಚಿ ಸೇರುತ್ತೇನೆ ಎನ್ನುವುದು ಅವನ ಲೆಕ್ಕ. ನೀರಿಗೆ ಬಿದ್ದು ಸಾಯುವುದಕ್ಕಿಂತ ಅವನಿಗೆ ಆ ಕುರ್ಚಿಯ ಭಯವೇ ಹೆಚ್ಚಾಗಿತ್ತು.

ಬಂದರಿನವರು ಅವನಿಗೆ ಲಂಗರು ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ. ಒಂದು ಮಾತಿಗೆ ಕಚ್ಚಿಕೊಂಡನೆಂದರೆ ಎತ್ತಿ ತೆಗೆಯುವುದು ಕಷ್ಟ. ಮೂವತ್ತೆಂಟು ವರ್ಷದಿಂದ ಒಬ್ಬನೇ ಹೋಗುತ್ತಾನೆ. ಬಲೆ ಇಲ್ಲ, ಜೊತೆಗಾರನಿಲ್ಲ, ಉದ್ದ ದಾರಕ್ಕೆ ಎರಡು ಗಾಳ, ಅಷ್ಟೇ. ಬಂಡೆಸಾಲಿನ ಹತ್ತಿರ ಎಂಜಿನ್ ನಿಲ್ಲಿಸಿ, ದೋಣಿಯನ್ನು ನೀರಿನ ಪಾಡಿಗೆ ಬಿಟ್ಟು, ದಾರವನ್ನು ಬಲಗೈಯ ತೋರುಬೆರಳ ಮೇಲೆ ಹಾಯಿಸಿ ನಿಂತುಕೊಳ್ಳುತ್ತಾನೆ. ಕೂತು ಹಿಡಿಯುವುದು ಅವನಿಗೆ ಆಗದು. ಮೀನು ಮುಟ್ಟಿದ್ದು ಮೊದಲು ಬೆರಳಿಗೆ ಅಲ್ಲ, ಅಂಗಾಲಿಗೆ ಗೊತ್ತಾಗುತ್ತದೆ ಎನ್ನುತ್ತಾನೆ. ಕೇಳಿದವರು ನಗುತ್ತಾರೆ, ಆದರೆ ಸಂಜೆ ಅವನ ಬುಟ್ಟಿ ನೋಡಿ ಸುಮ್ಮನಾಗುತ್ತಾರೆ. ಇಷ್ಟೆಲ್ಲ ಇದ್ದೂ ಈಜು ಮಾತ್ರ ಬಾರದು. ಕಲಿಯಲು ಪುರುಸೊತ್ತಾಗಲಿಲ್ಲ ಎನ್ನುವುದು ಮೂವತ್ತೆಂಟು ವರ್ಷದ ಸಬೂಬು.

ಜಾಕೆಟ್ ಬೇಕೇ ಬೇಕು ಎಂದು ಹಟ ಹಿಡಿದವಳು ಹೆಂಡತಿ. ಆಕೆ ಮನೆಯಲ್ಲೇ ದೋಣಿಗಳ ಟಾರ್ಪಾಲು ಹೊಲಿಯುವವಳು. ಮಾತು ಕಡಿಮೆ, ಕಣ್ಣು ಚುರುಕು. ಇಷ್ಟು ವರ್ಷ ಇಲ್ಲದ್ದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, "ಜಾಕೆಟ್ ಇಲ್ದೆ ಇನ್ನು ಮೆಟ್ಟಿಲು ಇಳಿಯೋ ಹಾಗಿಲ್ಲ," ಎಂದಿದ್ದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಹೆದರಿಕೆಯಿಂದ ಸುಮ್ಮನೆ ಅವಳ ಹಿಂದೆ ಅಂಗಡಿಗೆ ಬಂದಿದ್ದ.

ಅಂಗಡಿಯಾಕೆ ಎಳೆಯುವ ಜಾಕೆಟ್ಟನ್ನು ಅವನಿಗೆ ತೊಡಿಸಿ, ಬೆಲ್ಟು ಬಿಗಿದು, ತೊಡೆಯ ಸಂದಿಯಿಂದ ಬರುವ ಪಟ್ಟಿಯನ್ನೂ ಸಿಕ್ಕಿಸಿದಳು. "ಈ ಪಟ್ಟಿ ಬಿಟ್ರೆ ನೀರಲ್ಲಿ ಜಾಕೆಟ್ ಮೇಲೆ ಹೋಗುತ್ತೆ, ನೀವು ಕೆಳಗೆ ಹೋಗ್ತೀರಿ. ಪ್ರತಿ ಸಲ ಹೊರಡೋ ಮುಂಚೆ ಸಿಲಿಂಡರ್ ಬಿಗಿಯಾಗಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿ. ಇನ್ನೊಂದು ಮಾತು, ಇದನ್ನ ಮಳೆಕೋಟಿನ ಮೇಲೆ ಹಾಕ್ಬೇಕು, ಒಳಗೆ ಹಾಕ್ಲೇಬಾರದು. ಒಳಗಡೆ ಉಬ್ಬಿದ್ರೆ ಎದೆಗೂಡು ಅಮುಕಿ ಉಸಿರು ಕಟ್ಟುತ್ತೆ."

ಲಂಗರಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

"ಬೇಡ ಅನ್ನಿಸಿದ್ರೆ ಬದಲಾಯಿಸಿ ಕೊಡ್ತೀರಾ?"

"ಹದಿನೈದು ದಿನದೊಳಗೆ ಬನ್ನಿ ಅಕ್ಕ. ಸಿಲಿಂಡರ್ ಒಡೆದಿರಬಾರದು ಅಷ್ಟೇ."

ಮೊದಲ ದಿನ ಅವನು ಜಾಕೆಟ್ಟನ್ನು ಹೇಳಿದ ಹಾಗೆ ಕೋಟಿನ ಮೇಲೆಯೇ ಹಾಕಿಕೊಂಡು ಹೋದ. ಬಂದರಿನ ಮೆಟ್ಟಿಲ ಮೇಲೆ ಕೂತಿದ್ದ ಐಸ್ ಗಾಡಿಯವನು ಕಣ್ಣರಳಿಸಿ, "ಏನಣ್ಣಾ, ಜೀನು ಬಿಗಿದುಬಿಟ್ಟಿದ್ದಾರೆ ನಿಂಗೆ! ಸವಾರರು ಮನೇಲೇ ಉಳಿದ್ರಾ?" ಎಂದ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಂಗರಣ್ಣನಿಗೆ ಮೈ ಉರಿಯಿತು. ಎರಡನೆಯ ದಿನದಿಂದ ಜಾಕೆಟ್ ಒಳಗೆ ಹೋಯಿತು, ಅದರ ಮೇಲೆ ಮಳೆಕೋಟು, ಕೋಟಿಗೆ ಐದು ಗುಂಡಿ, ಐದನ್ನೂ ಗಂಟಲವರೆಗೆ ಹಾಕಿದ. ಮಳೆಯಿಲ್ಲದ ದಿನ ಮಳೆಕೋಟು ಯಾಕೆಂದು ಐಸ್ ಗಾಡಿಯವನು ಕೇಳಿದ್ದಕ್ಕೆ ಗಾಳಿಗೆ ಎಂದ. ಹೆಂಡತಿ ಬೆಳಿಗ್ಗೆ ತನ್ನ ಕೈಯಾರೆ ಬಿಗಿದು ಕಳಿಸುತ್ತಿದ್ದ ಪಟ್ಟಿಗಳು ಅವಳು ಕಾಣದ ತಿರುವಿನಲ್ಲಿ ಕೋಟಿನೊಳಗೆ ಮಾಯವಾಗುತ್ತಿದ್ದವು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೊದಿಸಿ ಅವನು ಹನ್ನೆರಡು ದಿನ ಕಳೆದ.

ಹದಿಮೂರನೆಯ ದಿನ ಸಮುದ್ರ ತಣ್ಣಗಿತ್ತು. ಬಂಡೆಸಾಲಿನಿಂದ ಕೂಗಳತೆ ದೂರದಲ್ಲಿ ಎಂಜಿನ್ ನಿಲ್ಲಿಸಿ ಅವನು ದಾರ ಬಿಟ್ಟ. ಒಂದು ಮೀನು ಬಂತು, ಎರಡನೆಯದು ಮುಟ್ಟಿ ಮುಟ್ಟಿ ಹೋಯಿತು. ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಊರಿ ಕಾಯುತ್ತಿದ್ದಾಗ ಬಾಯಲ್ಲಿ ಕಬ್ಬಿಣದ ರುಚಿ ಬಂತು.

ಅವನಿಗೆ ತಕ್ಷಣ ಗೊತ್ತಾಯಿತು. ಹಿಂದಿನ ಮೂರು ಸಲ ಇದೇನೆಂದು ಯೋಚಿಸುವುದರೊಳಗೆ ಕತ್ತಲಾಗಿತ್ತು. ಈ ಸಲ ಎರಡು ಉಸಿರಿನಷ್ಟು ಹೊತ್ತು ಸಿಕ್ಕಿತು. ಕೂತುಕೋ ಎಂದು ತನಗೆ ತಾನೇ ಹೇಳಿಕೊಂಡ, ಮೊಣಕಾಲು ಕೇಳಲಿಲ್ಲ. ಕೆಂಪು ಹಿಡಿ ಹುಡುಕಲು ಎದೆಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಗುಂಡಿ, ಅದರ ಕೆಳಗೆ ಇನ್ನೊಂದು ಗುಂಡಿ. ಕಣ್ಣಂಚು ಬೂದಿಯಾಯಿತು.

ಕಣ್ಣು ಬಿಟ್ಟಾಗ ಎದುರಿಗೆ ನೀರಿತ್ತು. ಮೂಗಿಗೂ ನೀರಿಗೂ ಒಂದು ಗೇಣು ಅಂತರ. ದೋಣಿಯ ಅಂಚು ಹೊಟ್ಟೆಗೆ ಒತ್ತಿಕೊಂಡಿತ್ತು, ಸೊಂಟದಿಂದ ಮೇಲಿನ ಮೈಯೆಲ್ಲ ಹೊರಗೆ ಜೋತುಬಿದ್ದಿತ್ತು, ಎಡತೋಳು ಮೊಣಕೈವರೆಗೆ ನೀರಿನಲ್ಲಿತ್ತು. ಬಲಗೈ ಎದೆಯ ಮೇಲೆ, ಎರಡನೆಯ ಗುಂಡಿಯ ಹತ್ತಿರ ಹಾಗೇ ಇತ್ತು. ಒಂದು ಗುಂಡಿಯೂ ಬಿಚ್ಚಿರಲಿಲ್ಲ. ಹಿಂದಿನಿಂದ ಯಾರೋ ಹಿಡಿದೆಳೆದಂತೆ ಆಗುತ್ತಿತ್ತು. ಕತ್ತು ತಿರುಗಿಸಿದರೆ ಯಾರೂ ಇಲ್ಲ, ಹುಟ್ಟು ಸಿಕ್ಕಿಸುವ ಕಬ್ಬಿಣದ ಕೊಂಡಿಗೆ ಕೋಟಿನ ಅಂಚು ಹೊಕ್ಕು ಸಿಕ್ಕಿಕೊಂಡಿತ್ತು. ಅವನನ್ನು ಹಿಡಿದಿದ್ದದ್ದು ಅದೊಂದೇ.

ಉಸಿರು ಬಿಗಿಹಿಡಿದು, ಅಂಚನ್ನು ತಬ್ಬಿಕೊಂಡು, ಅಂಗುಲ ಅಂಗುಲವೇ ಹಿಂದೆ ಸರಿದು ದೋಣಿಯ ತಳಕ್ಕೆ ಉರುಳಿದ. ಅಷ್ಟರಲ್ಲಿ ಕಿವಿಗೆ ಇನ್ನೊಂದು ಸದ್ದು ಬಿತ್ತು. ಬಂಡೆಗೆ ನೀರು ಬಡಿಯುವ ಸದ್ದು, ತೀರಾ ಹತ್ತಿರ. ಎದ್ದು ನೋಡಿದರೆ ಕೂಗಳತೆಯಿದ್ದ ಬಂಡೆಸಾಲು ಎರಡು ದೋಣಿಯುದ್ದಕ್ಕೆ ಬಂದಿತ್ತು. ಕೀಲಿ ಮೊದಲಿಗೆ ತೂತಿಗೆ ಸೇರಲಿಲ್ಲ. ಸೇರಿದ ಮೇಲೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮಿತು. "ಬಾ ತಾಯಿ, ಬಾ," ಎಂದು ಆ ಹಳೆಯ ಎಂಜಿನ್ನಿಗೆ ಗೋಗರೆದ. ಮೂರನೆಯ ಸಲಕ್ಕೆ ಅದು ಹೊತ್ತಿಕೊಂಡಿತು, ದೋಣಿ ಬಂಡೆಯ ಪಾಚಿ ಸವರಿಕೊಂಡು ಹೊರಗೆ ತಿರುಗಿತು.

ದಾರ ಅಲ್ಲೇ ಉಳಿಯಿತು. ಅವನು ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ದೋಣಿಯ ತಳದಲ್ಲೇ ಕೂತು ಓಡಿಸಿದ, ಎದ್ದು ನಿಲ್ಲುವ ಧೈರ್ಯ ಬರಲಿಲ್ಲ. ಕೆಂಪು ಹಿಡಿ ಕೈಗೆ ಸಿಕ್ಕಿದ್ದರೂ ಗಂಟಲವರೆಗೆ ಗುಂಡಿ ಹಾಕಿದ ಕೋಟಿನೊಳಗೆ ಅದು ಉಬ್ಬಿ ಏನು ಮಾಡುತ್ತಿತ್ತು ಎಂಬುದೂ, ಕೋಟಿಲ್ಲದೆ ಬಿದ್ದಿದ್ದರೂ ಎಳೆಯಲು ತಾನು ಎಚ್ಚರವಾಗಿ ಇರುತ್ತಿರಲಿಲ್ಲ ಎಂಬುದೂ ಅವನಿಗೆ ಸ್ಪಷ್ಟವಾಗಿ ಕಂಡಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅವನು ನೇರ ಅಂಗಡಿಗೆ ಹೋದ. ಒದ್ದೆ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಜಾಕೆಟ್ ಬಿಚ್ಚಿ ಮೇಜಿನ ಮೇಲಿಟ್ಟು, "ಬದಲಾಯಿಸ್ಬೇಕು. ತಾನೇ ಉಬ್ಬೋದು ಕೊಡಮ್ಮ," ಎಂದ.

ಅಂಗಡಿಯಾಕೆ ಪುಸ್ತಕ ತೆಗೆದಳು. "ಕಾರಣ ಏನಂತ ಬರ್ಕೊಳ್ಲಿ?"

ಅಳತೆ ಸರಿಯಿಲ್ಲ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಮೂಗಿನಿಂದ ಒಂದೇ ಗೇಣು ಕೆಳಗಿದ್ದ ಆ ನೀರು ಕಣ್ಣಮುಂದೆಯೇ ಇತ್ತು.

"ನನಗೆ ಎಚ್ಚರ ತಪ್ಪುತ್ತೆ," ಎಂದ. ಯಾರಿಗೂ ಹೇಳದ ಮಾತನ್ನು ಅವನು ಮೊದಲು ಹೇಳಿದ್ದು ಒಂದೇ ಸಲ ಕಂಡಿದ್ದ ಹೆಂಗಸೊಬ್ಬಳಿಗೆ.

ಆಕೆ ಬರೆಯಲಿಲ್ಲ. ಪುಸ್ತಕ ಮುಚ್ಚಿ, ಮೇಜಿನ ಕೆಳಗಿನಿಂದ ಕಟ್ಟಿಟ್ಟಿದ್ದ ಚೀಲವೊಂದನ್ನು ತೆಗೆದು ಕೊಟ್ಟಳು. "ನಿಮ್ಮ ಮನೆಯವರು ಮಾರನೇ ದಿನಾನೇ ಬಂದು ದುಡ್ಡು ಕೊಟ್ಟು ತೆಗೆದಿಡೋಕೆ ಹೇಳಿದ್ರು. ಅವರಾಗಿ ಬಂದ್ರೆ ಕೊಡಿ, ಬರದಿದ್ರೆ ಹದಿನೈದನೇ ದಿನ ನಾನೇ ಬರ್ತೀನಿ ಅಂದ್ರು. ಯಾಕೆ ಅಂತ ನಾನು ಕೇಳಿಲ್ಲ ಅಣ್ಣಾ."

ಮನೆಗೆ ಹೋಗುವ ದಾರಿ ಯಾವತ್ತೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ನೀಲಿ ಟಾರ್ಪಾಲು ಕೋಣೆ ತುಂಬ ಹರಡಿತ್ತು. ಅವನ ಕೈಯ ಚೀಲ ನೋಡಿದಳು, ಒದ್ದೆ ತೋಳು ನೋಡಿದಳು, ಕಾಲನ್ನು ಪೆಡಲಿನಿಂದ ತೆಗೆದಳು.

"ಎಷ್ಟು ಸಲ ಆಯ್ತು?"

ಹೇಗೆ ಗೊತ್ತಾಯಿತು ಎಂದು ಕೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. "ಇವತ್ತಿಂದೂ ಸೇರಿ ನಾಲ್ಕು," ಎಂದ.

"ಐದು."

"ಇಲ್ಲ ಕಣೇ. ನಾಲ್ಕೇ. ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತಿಲ್ಲ," ಎಂದಳು. "ಹೋದ ತಿಂಗಳು ಇದೇ ಮೇಜಿನ ಹತ್ರ ಕೂತು ಎಂಜಿನ್ ರಿಪೇರಿ ವಿಷಯ ಹೇಳ್ತಿದ್ರಿ. ಮಧ್ಯದಲ್ಲಿ ಹಣೆ ಮೇಜಿಗೆ ಇಟ್ರಿ. ತಮಾಷೆ ಮಾಡ್ತಿದೀರಿ ಅಂದ್ಕೊಂಡೆ. ಕೂಗಿದೆ, ಭುಜ ಹಿಡಿದು ಅಲ್ಲಾಡಿಸಿದೆ, ಮುಖಕ್ಕೆ ನೀರು ತರೋಕೆ ಓಡಿದೆ. ಚೊಂಬು ಹಿಡ್ಕೊಂಡು ಬಂದ್ರೆ ನೀವು ಎದ್ದು ಕೂತಿದ್ರಿ. ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಮಾತು ಮುಂದುವರಿಸಿದ್ರಿ. ನನ್ನ ಕೈಲಿ ಚೊಂಬು ಯಾಕಿದೆ ಅಂತಾನೂ ಕೇಳಲಿಲ್ಲ."

ಲಂಗರಣ್ಣ ಆ ಮೇಜನ್ನು ನೋಡಿದ. ಎಷ್ಟು ನೆನೆದರೂ ಏನೂ ನೆನಪಿಗೆ ಬರಲಿಲ್ಲ. ಸಮುದ್ರದ ನಡುವೆ ಆಗದಷ್ಟು ಭಯ ಅವನಿಗೆ ಈಗ, ನಾಲ್ಕು ಗೋಡೆಯ ನಡುವೆ ಆಯಿತು.

"ಮತ್ತೆ ಅವತ್ತೇ ಹೇಳ್ಬಾರದಿತ್ತಾ?"

"ಹೇಳಿದ್ರೆ ಒಪ್ತಿದ್ರಾ? ನಿದ್ದೆ ಬಂತು ಅಂತಿದ್ರಿ. ಮಾರನೇ ದಿನದಿಂದ ಇನ್ನೂ ಬೇಗ ಎದ್ದು ಹೇಳದೆ ಹೋಗ್ತಿದ್ರಿ. ಅಂಗಡಿಯಲ್ಲಿ ಆಕೆ ಕೇಳಿದಾಗಾದ್ರೂ ಬಾಯಿ ಬಿಡ್ತೀರಿ ಅಂತ ಕಾದೆ. ನಕ್ಕುಬಿಟ್ರಲ್ಲ!" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂದೂ ತಪ್ಪೇ. ಹದಿಮೂರು ದಿನ ಕಾಯಬಾರದಿತ್ತು. ಒಂದೊಂದು ಸಂಜೆ ದೋಣಿ ಬರೋವರೆಗೂ ನಾನು ಹೇಗಿದ್ದೆ ಅಂತ ನನಗೇ ಗೊತ್ತು."

ಲಂಗರಣ್ಣ ಜೇಬಿನಿಂದ ಎಂಜಿನ್ನಿನ ಕೀಲಿ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟ. ಮೂವತ್ತೆಂಟು ವರ್ಷದಲ್ಲಿ ಆ ಕೀಲಿಯನ್ನು ಅವನು ಇನ್ನೊಬ್ಬರ ಮುಂದೆ ಇಟ್ಟದ್ದು ಅದೇ ಮೊದಲು. ಅವಳು ಅದನ್ನು ತೆಗೆದು ದಾರದುಂಡೆಗಳ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಆಮೇಲೆ ಚೀಲ ಬಿಚ್ಚಿದಳು. ಒಳಗೆ ಎರಡು ಜಾಕೆಟ್ ಇದ್ದವು.

"ಇನ್ನೊಂದು ಯಾರಿಗೆ?"

"ನಂಗೆ. ನಾಳೆ ಡಾಕ್ಟರಿಗೆ ತೋರಿಸೋಣ. ಅವರು ಸಮುದ್ರಕ್ಕೆ ಹೋಗ್ಬಹುದು ಅಂದ ದಿನ ನೀವೊಬ್ಬರೇ ಹೋಗೋದಲ್ಲ. ಅವರು ಬೇಡ ಅಂದ್ರೆ ಎರಡನ್ನೂ ವಾಪಸ್ ಕೊಡೋಣ."

"ನಿಂಗೆ ಈಜು ಬರಲ್ವಲ್ಲೇ."

"ನಿಮಗೆ ಬರುತ್ತಾ?"

ಅವಳು ದೀಪದ ಕೆಳಗೆ ಹಿಡಿದು ಮೊದಲು ಅವನ ಜಾಕೆಟ್ಟಿನ, ಆಮೇಲೆ ತನ್ನ ಜಾಕೆಟ್ಟಿನ ಒಂದೊಂದು ಹೊಲಿಗೆಯನ್ನೂ ಜಗ್ಗಿ ನೋಡಿದಳು. ಎರಡನ್ನೂ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಅವನ ಕಡೆ ತಿರುಗಿದಳು.

"ನಾಳೆ ಡಾಕ್ಟರು ಕೇಳಿದಾಗ ಐದು ಅಂತ ಹೇಳಿ," ಎಂದಳು. "ನಾಲ್ಕು ಅನ್ಬೇಡಿ."