ಕೈತುತ್ತಿನ ಸುತ್ತು

ಮೈಸೂರಿನಿಂದ ಅತ್ತೆ ಕೀನ್ಯಾದ ನಮ್ಮ ಕಿಲಿಮಾನಿಯ ಫ್ಲ್ಯಾಟಿಗೆ ಬಂದದ್ದೇ ತಡ, ಶನಿವಾರದ ಮಧ್ಯಾಹ್ನಗಳು ಕೈತುತ್ತಿನವಾದವು. ದೊಡ್ಡ ಪಾತ್ರೆಯಲ್ಲಿ ಹುಳಿಯನ್ನ ಕಲಸಿಕೊಂಡು ನೆಲದ ಮೇಲೆ ಕೂರುತ್ತಿದ್ದರು. ಮಗನೂ ಮಗಳೂ ಎದುರಿಗೆ ಅಂಗೈ ಒಡ್ಡುತ್ತಿದ್ದರು. ಮೇಲಿನ ಮನೆಯ ಕೀನ್ಯಾದ ಹುಡುಗಿ, ಮಗಳ ಜೀವದ ಗೆಳತಿ, ಅವಳಿಗೆ ಮಾತ್ರ ಮೇಜಿನ ಮೇಲೆ ಪೇಪರ್ ತಟ್ಟೆ, ಚಮಚ.

"ಪಾಪ, ಅದಕ್ಕೆ ಕೈಯಲ್ಲಿ ತಿಂದು ಅಭ್ಯಾಸ ಇರಲ್ಲಮ್ಮ," ಎನ್ನುತ್ತಿದ್ದರು ಅತ್ತೆ.

ನನಗೆ ಮೈ ಉರಿಯುತ್ತಿತ್ತು. "ಉಗಾಲೀನ ಕೈಯಲ್ಲೇ ಮುರಿದು ತಿನ್ನೋ ಜನ ಅತ್ತೆ! ನಮ್ಮ ಮುದ್ದೆ ಥರಾನೇ."

"ಆಯ್ತು ಬಿಡು ತಾಯಿ, ನೀನು ಲಾಯರ್ ಆಗ್ಬೇಕಿತ್ತು."

ತಟ್ಟೆ ಮಾತ್ರ ಬದಲಾಗಲಿಲ್ಲ. ಒಂದು ದಿನ ಗೆಳತಿ ಇನ್ನು ಮೇಲೆ ಊಟ ಮುಗಿಸಿಕೊಂಡೇ ಬರುತ್ತೇನೆ ಎಂದಳಂತೆ. ಆಮೇಲೆ ಬರುವುದನ್ನೇ ಬಿಟ್ಟುಬಿಟ್ಟರೆ ಎಂದು ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ಶನಿವಾರ ಸಿನಿಮಾದ ಆಸೆ ತೋರಿಸಿ ಅವಳನ್ನು ಬೆಳಿಗ್ಗೆಯೇ ಕರೆತಂದಳು. ಮಕ್ಕಳ ಸಿನಿಮಾ. ಯುದ್ಧ, ಪಟ್ಟಣಕ್ಕೆ ಬಾಂಬು. ಮಕ್ಕಳನ್ನೆಲ್ಲ ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸುತ್ತಾರೆ. ಕಪ್ಪು ಹುಡುಗಿಯೊಬ್ಬಳನ್ನು ಯಾರೂ ಕರೆದೊಯ್ಯುವುದಿಲ್ಲ. ಕೊನೆಗೆ ಕರೆದೊಯ್ದ ಹೆಂಗಸು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಒಡಕು ತಟ್ಟೆಯಲ್ಲಿ ಊಟ ಹಾಕುತ್ತಾಳೆ. ನಾನು ಕನ್ನಡದಲ್ಲಿ ಕತೆ ಹೇಳುತ್ತಿದ್ದೆ, ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಅಯ್ಯೋ, ಇವಳ ಮನೆ ಹಾಳಾಗ! ಮಗೂಗೆ ಬೇರೆ ತಟ್ಟೆ ಹಾಕ್ತಾಳಲ್ಲ, ಕೈಯಾದ್ರೂ ಹೇಗೆ ಬರತ್ತೆ?"

ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಕನ್ನಡದಲ್ಲಿ ಅಂದಳು, "ಅಜ್ಜಿ, ನೀವೂ ಹಾಕ್ತೀರ."

ಗೆಳತಿಗೆ ಕನ್ನಡ ಬಾರದು, ಸದ್ಯ. ಸಿನಿಮಾ ಮುಗಿಯುತ್ತಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದ್ದು ಅಡುಗೆಮನೆಗೆ ಹೋದರು, ಪಾತ್ರೆಗಳು ಧಡಬಡ ಎಂದವು. ಮುಗೀತು, ಇನ್ನು ಒಂದು ವಾರ ಮೌನವ್ರತ ಎಂದುಕೊಂಡೆ.

ಹುಳಿಯನ್ನದ ಪಾತ್ರೆ ಹೊತ್ತು ಬಂದರು. ಹುಡುಗಿ ಎಂದಿನಂತೆ ಮೇಜಿನ ಮುಂದೆ ಹೋಗಿ ಕೂತಿದ್ದಳು.

"ಏನೇ ಅಲ್ಲಿ? ಬಾರೇ, ನನ್ನ ಪಕ್ಕ ಕೂತ್ಕೋ."

ಮಗಳು ಅವಳ ಕೈ ಹಿಡಿದು ಎಳೆತಂದಳು. ಮೊದಲ ತುತ್ತು ಅವಳ ಅಂಗೈಗೇ ಬಿತ್ತು. ಹುಳಿ ಮೊಣಕೈಗೆ ಇಳಿಯುವ ಮೊದಲೇ ಸೊರ್ ಎಂದು ನೆಕ್ಕಿ, ಮತ್ತೆ ಕೈಯೊಡ್ಡಿದಳು. ನನಗೆ ಕುಣಿಯುವಷ್ಟು ಖುಷಿ.

ಅತ್ತೆ ಬಿದ್ದು ಬಿದ್ದು ನಕ್ಕರು. "ನೋಡೇ ಇವಳನ್ನ! ಕೈಯಲ್ಲಿ ತಿಂದು ಅಭ್ಯಾಸ ಇಲ್ಲ ಅಂತ ಯಾವಳೇ ಹೇಳಿದ್ದು?"

"ಯಾರೋ ಮೈಸೂರಿನವರು, ಅತ್ತೆ."

"ಅವಳಿಗೆ ಬುದ್ಧಿ ಇಲ್ಲ ಬಿಡು," ಎಂದು ಅತ್ತೆ ಆ ಹುಡುಗಿಗೇ ಎರಡನೆಯ ತುತ್ತನ್ನೂ ಹಾಕಿದರು.

"ಅಜ್ಜೀ!" ಮಗಳು ಕಿರುಚಿದಳು. "ಈಗ ನಂದು!"